ಹಸಿವು ಮೇಷ್ಟ್ರಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೆಯ ದಿನ ಪತ್ರಿಕೆಗಳಲ್ಲಿ ಕೂಲಿಕಾರರ ಮಗಳ ಫೋಟೊ ಇದ್ದೇ ಇರುತ್ತದೆ. ಅದನ್ನು ತೋರಿಸಿ ಅಪ್ಪಂದಿರು ಮಗನಿಗೆ ಹೇಳುವುದೂ ಪ್ರತಿವರ್ಷ ಅದನ್ನೇ: 'ನಿನಗೆ ಎಲ್ಲಾ ಇದೆಯಲ್ಲ, ಅದಕ್ಕೇ ಓದೋಕೆ ಮನಸ್ಸಿಲ್ಲ.' ಹಣವಿದ್ದರೆ ಓದಿನ ಹಂಬಲ ಸಾಯುತ್ತದೆ, ಬಡತನ ಛಲ ಹುಟ್ಟಿಸುತ್ತದೆ ಎಂಬುದು ನಮ್ಮ ಗಟ್ಟಿ ನಂಬಿಕೆ. ಆ ಹುಡುಗಿಯ ಜೊತೆ ಎಂಟನೇ ಕ್ಲಾಸಿನಲ್ಲಿದ್ದು, ಹತ್ತಕ್ಕೆ ಬರುವ ಮುಂಚೆಯೇ ಕೂಲಿಗೆ ಹೋದವರ ಫೋಟೊ ಎಲ್ಲೂ ಬರುವುದಿಲ್ಲ.

ಈ ನಂಬಿಕೆಗೆ ಸಾಕ್ಷಿಯಾಗಿ ವಿಶ್ವೇಶ್ವರಯ್ಯನವರನ್ನು ಬೀದಿದೀಪದ ಕೆಳಗೆ ಕೂರಿಸುತ್ತೇವೆ. ಅವರ ತಂದೆ ಸಂಸ್ಕೃತ ವಿದ್ವಾಂಸರು. ತಂದೆ ತೀರಿಕೊಂಡ ಮೇಲೆ ಹುಡುಗ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ನಿಜ. ಆದರೆ ಪುಣೆಯ ಎಂಜಿನಿಯರಿಂಗ್ ಓದಿಗೆ ನೆರವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಕತೆ ಹೇಳುವಾಗ ದೀಪ ಉಳಿಯುತ್ತದೆ, ವೇತನ ಬಿಟ್ಟುಹೋಗುತ್ತದೆ. ಹಸಿವೇ ಓದಿಸುವುದಾಗಿದ್ದರೆ ವಾರಾನ್ನದ ಮನೆಗಳು ಯಾಕಿದ್ದವು? ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನವೂ ದಾಸೋಹ ಯಾಕೆ ನಡೆಯಬೇಕು? ನಮ್ಮ ಹಿರಿಯರು ಬಾಯಲ್ಲಿ ಏನೇ ಹೇಳಲಿ, ಮೊದಲು ತಟ್ಟೆ ಹಾಕಿದರು.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದದ್ದು. ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ, ಬುದ್ಧಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ ಕಟಾವಿನ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ತಲೆ ಅದೇ, ಚಿಂತೆಯ ಭಾರ ಬೇರೆ. ಬೆಳೆದವರ ಪಾಡೇ ಹೀಗಾದರೆ, ಮನೆಯಲ್ಲಿ ಸಾಲಗಾರರ ದನಿ ಕೇಳುತ್ತ ಬೀಜಗಣಿತ ಬಿಡಿಸುವ ಹದಿನಾಲ್ಕರ ಮಗುವಿನಲ್ಲಿ ಯಾವ ಛಲವನ್ನು ಹುಡುಕುತ್ತೇವೆ?

ಉಳ್ಳವರ ಮನೆಯಲ್ಲಿ ಓದಿಗೆ ಬೇಸತ್ತ ಹುಡುಗರಿಲ್ಲವೆಂದಲ್ಲ, ಬೇಕಾದಷ್ಟಿದ್ದಾರೆ. ಆದರೆ ಅವರ ಬೇಸರಕ್ಕೆ ದಂಡ ಕಡಿಮೆ. ನೀಟ್‌ನಲ್ಲಿ ರ‍್ಯಾಂಕ್ ಬರದಿದ್ದರೆ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್, ಆಗಲೂ ಬರದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟು. ಹೀಗೆ ಮೂರನೇ ಸಲ ಪರೀಕ್ಷೆಗೆ ಕೂತವನ ಶ್ರದ್ಧೆಯನ್ನು ನೆಂಟರೆಲ್ಲ ಹೊಗಳುತ್ತಾರೆ. ಒಮ್ಮೆ ಫೇಲಾಗಿ ಗಾರ್ಮೆಂಟ್ಸ್‌ಗೆ ಸೇರಿದ ಹುಡುಗಿಗೆ ಓದಿನಲ್ಲಿ ಆಸಕ್ತಿಯಿರಲಿಲ್ಲ ಎಂದುಬಿಡುತ್ತಾರೆ. ಶ್ರದ್ಧೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಮನಸ್ಸಿನದು, ಎಷ್ಟು ಪಾಲು ಅಪ್ಪನ ಜೇಬಿನದು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಸೋತರೂ ಮತ್ತೆ ಕೂರಬಹುದೆಂಬ ಧೈರ್ಯವಿದ್ದವರಿಗೆ ಪುಸ್ತಕ ಮತ್ತೆ ತೆರೆಯುವುದು ಸುಲಭ.

2024ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಸರ್ಕಾರಿ ಶಾಲೆಯ ಮಕ್ಕಳಿಗೂ ಒಂದೇ ವರ್ಷದಲ್ಲಿ ಇನ್ನೂ ಒಂದು ಅವಕಾಶ ಸಿಕ್ಕಿತು. ಇದರಿಂದ ಮಕ್ಕಳಿಗೆ ಓದಿನ ಭಯವೇ ಹೋಗುತ್ತದೆ ಎಂದು ಗೊಣಗುವವರನ್ನು ಒಂದು ಮಾತು ಕೇಳಬೇಕು: ನಿಮ್ಮ ಮಗನದು ಇದು ಎಷ್ಟನೇ ಲಾಂಗ್ ಟರ್ಮ್?