ವಾನರನ ಬುದ್ಧಿ, ವಿಜ್ಞಾನಿಯ ಗದ್ಯ

ಪ್ರಯೋಗಶಾಲೆಯ ವರದಿಯನ್ನು ಸಾಹಿತ್ಯದ ಕಣ್ಣಿನಿಂದ ಓದುವ ವಾಡಿಕೆ ನಮ್ಮಲ್ಲಿ ಅಷ್ಟಾಗಿ ಇಲ್ಲ. ಆದರೆ ವೋಲ್ಫ್‌ಗಾಂಗ್ ಕೋಹ್ಲರನು ಚಿಂಪಾಂಜಿಗಳ ಬುದ್ಧಿಯನ್ನು ಕುರಿತು ೧೯೧೭ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ, ೧೯೨೫ರಲ್ಲಿ ಇಂಗ್ಲಿಷಿಗೆ ಬಂದ ಗ್ರಂಥವನ್ನು ಹಾಗೆ ಓದದಿದ್ದರೆ ಅದರ ಅರ್ಧ ಬೆಲೆ ತಿಳಿಯುವುದಿಲ್ಲ. ಮಾತು ಬಾರದ ಜೀವಿಯ ಮನಸ್ಸನ್ನು ವರ್ಣಿಸುವವನು ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಾಗಬೇಕು? ಇದು ಮನಶ್ಶಾಸ್ತ್ರದ ಪ್ರಶ್ನೆ ಮಾತ್ರವಲ್ಲ, ಗದ್ಯದ ಪ್ರಶ್ನೆಯೂ ಹೌದು.

೧೮೮೭ರಲ್ಲಿ ಹುಟ್ಟಿದ ಕೋಹ್ಲರ್ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು, ಫ್ರಾಂಕ್‌ಫರ್ಟಿನಲ್ಲಿ ವರ್ಟ್‌ಹೈಮರನ ಜೊತೆ ಕೆಲಸ ಮಾಡಿ, ಗೆಸ್ಟಾಲ್ಟ್ ಪಂಥದ ಸ್ಥಾಪಕರಲ್ಲಿ ಒಬ್ಬನಾದ. ೧೯೧೩ರ ಕೊನೆಯಲ್ಲಿ ಪ್ರಷ್ಯನ್ ವಿಜ್ಞಾನ ಅಕಾಡೆಮಿಯ ವಾನರ ಕೇಂದ್ರಕ್ಕೆಂದು ಟೆನೆರಿಫ್ ದ್ವೀಪಕ್ಕೆ ಹೋದ. ಅಷ್ಟರಲ್ಲಿ ಮಹಾಯುದ್ಧ ಬಂತು. ೧೯೨೦ರವರೆಗೆ ಅಲ್ಲಿಯೇ ಉಳಿಯಬೇಕಾಯಿತು.

ಆಗ ಈ ಕ್ಷೇತ್ರದಲ್ಲಿ ಅಮೆರಿಕದ ಥಾರ್ನ್‌ಡೈಕನ ಮಾತಿಗೆ ಬಹಳ ತೂಕವಿತ್ತು. ಆತ ೧೮೯೮ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿ ಕೂಡಿಹಾಕಿ ನೋಡಿದ್ದ. ಅವು ಪರಚಿ, ಒದ್ದಾಡಿ, ಅಕಸ್ಮಾತ್ತಾಗಿ ಅಗಳಿ ತೆಗೆದು ಹೊರಬರುತ್ತವೆ. ಆಮೇಲೆ ಮೆಲ್ಲಮೆಲ್ಲನೆ ಅದನ್ನೇ ರೂಢಿಸಿಕೊಳ್ಳುತ್ತವೆ ಎಂದು ಆತ ಸಾರಿದ. ಅಗಳಿಯ ಕೀಲು ಪ್ರಾಣಿಗೆ ಕಾಣದಂತೆ ಇಟ್ಟು ಅದಕ್ಕೆ ತಿಳಿವಳಿಕೆಯಿಲ್ಲ ಎನ್ನುವುದು ನ್ಯಾಯವೇ ಎಂಬುದು ಕೋಹ್ಲರನ ಆಕ್ಷೇಪ. ತನ್ನ ಪ್ರಯೋಗಗಳಲ್ಲಿ ಅವನು ಹಣ್ಣು, ಕೋಲು, ಪೆಟ್ಟಿಗೆ ಎಲ್ಲವನ್ನೂ ಪ್ರಾಣಿಯ ಕಣ್ಣೆದುರಿಗೇ ಇಟ್ಟ.

ಪುಸ್ತಕದ ಅತ್ಯಂತ ಪ್ರಸಿದ್ಧ ಪ್ರಸಂಗ ಸುಲ್ತಾನನೆಂಬ ಚಿಂಪಾಂಜಿಯದು. ಸರಳಿನಾಚೆ ಬಾಳೆಹಣ್ಣು; ಕೈಯಲ್ಲಿ ಎರಡು ಬಿದಿರುಕೋಲು, ಎರಡೂ ಗಿಡ್ಡ. ಒಂದು ಕೋಲಿನಿಂದ ಇನ್ನೊಂದನ್ನು ತಳ್ಳಿ ಹಣ್ಣಿಗೆ ಮುಟ್ಟಿಸುತ್ತಾನೆ, ಪ್ರಯೋಜನವಿಲ್ಲ. ಇದನ್ನು ಕೋಹ್ಲರ್ 'ಒಳ್ಳೆಯ ತಪ್ಪು' ಎನ್ನುತ್ತಾನೆ: ಕೆಲಸ ಕೆಟ್ಟಿತು, ಆದರೆ ದಿಕ್ಕು ಸರಿಯಾಗಿದೆ. ಗಂಟೆಗೂ ಮೀರಿ ಸೋತು, ಕೋಲುಗಳೊಡನೆ ಆಡುತ್ತ ಕುಳಿತಿದ್ದಾಗ ಸುಲ್ತಾನ್ ಸಣ್ಣದರ ತುದಿಯನ್ನು ದಪ್ಪದರ ಪೊಳ್ಳಿಗೆ ತೂರಿಸಿ, ಎದ್ದು ಓಡಿ ಹಣ್ಣನ್ನು ಎಳೆದುಕೊಂಡ. ಆ ಗಳಿಗೆಯನ್ನು ಕಂಡದ್ದು ತಾನಲ್ಲ, ಕಾವಲುಗಾರ ಎಂದು ಲೇಖಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅದಕ್ಕೆ ಮೊದಲು ತನ್ನ ಬೆರಳನ್ನು ಕೋಲಿನ ತೂತಿಗೆ ಹಾಕಿ ತೋರಿಸಿದ್ದನ್ನೂ ಅಡಗಿಸುವುದಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ಎತ್ತಿ ಹಿಡಿದರೆ ಅದು ಅಲ್ಲೇ ನಿಂತೀತೆಂದು ನಂಬುವ ವಾನರರ ಪೆದ್ದುತನಕ್ಕೂ ಇಷ್ಟೇ ಅಕ್ಕರೆಯಿಂದ ಪುಟಗಳು ಮೀಸಲಾಗಿವೆ. ಪಂಚತಂತ್ರದ ಮೃಗಗಳ ಬಾಯಲ್ಲಿ ನಾವು ನಮ್ಮ ನೀತಿಯನ್ನೇ ಕೇಳಿದವರು. ಇಲ್ಲಿ ಮೃಗ ಮೃಗವಾಗಿಯೇ ಉಳಿದು ನಮ್ಮ ಗೌರವ ಗಳಿಸುತ್ತದೆ.

ಹಾಗೆಂದು ಗ್ರಂಥ ನಿರ್ದೋಷವೇನಲ್ಲ. 'ಒಳನೋಟ'ವೆಂಬುದು ಥಟ್ಟನೆ ಹೊಳೆಯುವಂಥದೆಂಬ ಭಾವನೆ ಓದುಗನಲ್ಲಿ ಬೇರೂರಲು ಈ ಬರಹವೇ ಕಾರಣ. ಕೋಲು ಹಿಡಿದು ಆಡಿದ ಅನುಭವವಿಲ್ಲದ ಚಿಂಪಾಂಜಿಗಳು ಅಂಥ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಸೋಲುತ್ತವೆಂದೂ, ಕೆಲವೇ ದಿನ ಕೋಲಿನೊಡನೆ ಆಡಿದ ಮೇಲೆ ಗೆಲ್ಲುತ್ತವೆಂದೂ ಬರ್ಚ್ ೧೯೪೫ರಲ್ಲಿ ತೋರಿಸಿದ. ಹೊಳಹಿನ ಹಿಂದೆ ಆಟವಿದೆ.

ಇನ್ನೂ ಆಳವಾದ ಆಕ್ಷೇಪ ಬಂದದ್ದು ಕಾದಂಬರಿಕಾರನಿಂದ. ಕುಟ್ಸೀಯ 'ದಿ ಲೈವ್ಸ್ ಆಫ್ ಅನಿಮಲ್ಸ್' (೧೯೯೯) ಕೃತಿಯಲ್ಲಿ ಎಲಿಜಬೆತ್ ಕಾಸ್ಟೆಲೋ ಎಂಬ ಲೇಖಕಿ ಸುಲ್ತಾನನ ಪರ ವಾದಿಸುತ್ತಾಳೆ. ಹಣ್ಣು ಕೊಡುತ್ತಿದ್ದ ಮನುಷ್ಯ ಏಕೆ ಕೊಡುತ್ತಿಲ್ಲ ಎಂಬುದು ಹಸಿದ ಪ್ರಾಣಿಯ ಪ್ರಶ್ನೆ. ಅದನ್ನು ಅಳಿಸಿ, ಹಣ್ಣನ್ನು ಹೇಗೆ ತೆಗೆಯಲಿ ಎಂಬ ಚಿಕ್ಕ ಪ್ರಶ್ನೆಗೆ ಪ್ರಯೋಗವು ಅದನ್ನು ಇಳಿಸುತ್ತದೆಂದು ಅವಳ ದೂರು. ಈ ಮಾತಿನಲ್ಲಿ ಸತ್ಯವಿದೆ. ಪ್ರಶ್ನೆ ಹಾಕುವ ಅಧಿಕಾರ ಕೋಹ್ಲರನದೇ ಆಗಿತ್ತು. ಆದರೆ ಒಂಟಿ ಚಿಂಪಾಂಜಿ ನಿಜವಾದ ಚಿಂಪಾಂಜಿಯೇ ಅಲ್ಲವೆಂದು ಮನಗಂಡು, ಅವುಗಳ ಸ್ನೇಹ, ಅಳಲು, ಕುಣಿತಗಳನ್ನು ಬರೆದಿಟ್ಟವನೂ ಅವನೇ. ಕಾಸ್ಟೆಲೋಳ ವಾದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಅವಳು ಖಂಡಿಸುವ ಪುಸ್ತಕದಲ್ಲೇ ಇದೆ. ತನ್ನ ವಿರುದ್ಧದ ಸಾಕ್ಷ್ಯವನ್ನೂ ಉಳಿಸಿಕೊಟ್ಟ ಗ್ರಂಥಕ್ಕೆ ಪ್ರಾಮಾಣಿಕವೆನ್ನದೆ ಬೇರೆ ಹೆಸರಿಲ್ಲ.

ಈ ಪ್ರಾಮಾಣಿಕತೆಗೆ ಹೆಚ್ಚಿನ ಬೆಲೆ ತೆರಬೇಕಾದ ಕಾಲವೂ ಬಂತು. ಬರ್ಲಿನ್ನಿನ ಮನಶ್ಶಾಸ್ತ್ರ ಸಂಸ್ಥೆಯ ನಿರ್ದೇಶಕನಾಗಿದ್ದ ಕೋಹ್ಲರ್, ೧೯೩೩ರ ಏಪ್ರಿಲಿನಲ್ಲಿ ನಾಜಿ ಸರ್ಕಾರ ಯಹೂದಿ ವಿದ್ವಾಂಸರನ್ನು ವಜಾ ಮಾಡಿದ್ದನ್ನು ಖಂಡಿಸಿ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಬರೆದ. ತಾನು ಯಹೂದಿಯಲ್ಲ, ಸುಮ್ಮನಿದ್ದರೆ ಹುದ್ದೆ ಉಳಿಯುತ್ತಿತ್ತು. ೧೯೩೫ರಲ್ಲಿ ದೇಶ ಬಿಟ್ಟು ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜು ಸೇರಿದ. ೧೯೬೭ರಲ್ಲಿ ಅಲ್ಲಿಯೇ, ಅಮೆರಿಕದಲ್ಲಿ, ತೀರಿಕೊಂಡ. ಟೆನೆರಿಫಿನಲ್ಲಿ ನಡೆಸಿದಂಥ ವಾನರ ಪ್ರಯೋಗ ಅವನ ಬಾಳಿನಲ್ಲಿ ಮತ್ತೆ ನಡೆಯಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ, ಊಹಿಸಿದ್ದನ್ನು ಊಹೆಯೆಂದೇ ಬರೆಯುವುದು ಹೇಗೆಂದು ತಿಳಿಯಬಯಸುವವರು, ವಿಜ್ಞಾನಿಗಳಾಗಲಿ ಕಥೆಗಾರರಾಗಲಿ, ಅವನ ಈ ಒಂದು ಪುಸ್ತಕವನ್ನು ಓದಬೇಕು.