ಮಹಲಿನೊಳಗಿನ ಮೊರ

ಭವ್ಯ ಎಂಬ ಮಾತು ಕಿವಿಗೆ ಬಿದ್ದರೆ ನಮಗೆ ಮೊದಲು ಕತ್ತು ನೋಯುತ್ತದೆ. ರಜೆ ಬಂತೆಂದರೆ ವ್ಯಾನು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಮೈಸೂರು ಸುತ್ತಲು ಹೋಗುವ ನಮ್ಮ ಜನರನ್ನು ನೋಡಿ. ಮಹಲಿನ ಹೊಸಿಲು ದಾಟಿದ್ದೇ ತಡ, ಎಲ್ಲರ ಕತ್ತೂ ಮೇಲಕ್ಕೆ. ಚಾವಣಿ, ಕಂಬ, ಕೆತ್ತನೆ. ಹಾಗೆ ನೋಡುವುದನ್ನು ಯಾರೂ ಹುಟ್ಟುತ್ತಲೇ ಕಲಿತು ಬಂದಿಲ್ಲ. ಪಠ್ಯಪುಸ್ತಕ ಕಲಿಸಿದೆ, ಪ್ರವಾಸಕಥನ ಬರೆಯುವ ನಮ್ಮ ಸಾಹಿತಿಗಳು ಕಲಿಸಿದ್ದಾರೆ. ಆದ್ದರಿಂದ ಮಹಲು ನೋಡುವ ಕ್ರಮವೂ ವಿಮರ್ಶೆಗೆ ಒಳಗಾಗಬೇಕಾದ ಸಂಗತಿಯೇ.

ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸವನ್ನೇ ತೆಗೆದುಕೊಳ್ಳೋಣ. ಕುಕ್ಕರಹಳ್ಳಿ ಕೆರೆಯ ಪಡುವಣ ದಿಬ್ಬದ ಮೇಲೆ 1905ರಲ್ಲಿ ಕಟ್ಟಿದ ಮಹಲು. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. ಇದೇ ರಾಜಕುಮಾರಿಯ ಮದುವೆಯ ಕಾಲದಲ್ಲಿ, 1897ರಲ್ಲಿ, ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಅದರ ಜಾಗದಲ್ಲಿ 41 ಲಕ್ಷ ರೂಪಾಯಿಗೂ ಮಿಗಿಲಾದ ಖರ್ಚಿನಲ್ಲಿ ಎದ್ದ ಹೊಸ ಅರಮನೆ 1912ರಲ್ಲಿ ಮುಗಿಯಿತು. ನಡುವೆ ಈ ಮಹಲು. 1898ರಲ್ಲಿ ಬಂದ ಪ್ಲೇಗಿಗೆ ಸಂಸ್ಥಾನದ ಜನ ಮನೆ ಮಠ ಬಿಟ್ಟು ಬಯಲಿಗೆ ಓಡಿದ್ದೂ ಆ ಕಾಲದಲ್ಲೇ. ಅದು ಮಾತ್ರ ಮಹಲಿನ ಕತೆಯಲ್ಲಿ ಬರುವುದಿಲ್ಲ.

ಬರುವುದೇನು? ಲೆಕ್ಕ. 125 ಕೋಣೆ, 300 ಕಿಟಕಿ, 287 ಬಾಗಿಲು. ಈ ಮಹಲಿನ ಮೇಲೆ ನಾವು ಓದಿದ ಬರಹಗಳೆಲ್ಲ ಇದನ್ನೇ ಒಪ್ಪಿಸುತ್ತವೆ. ಬಾಗಿಲು ಎಣಿಸಲು ಪುರುಸೊತ್ತಿದ್ದವರಿಗೆ ಬಡಗಿಗಳನ್ನು ಎಣಿಸಲು ಪುರುಸೊತ್ತಾಗಲಿಲ್ಲ. ಗಾರೆ ಅರೆದವರೆಷ್ಟು, ಕಲ್ಲು ಒಡೆದವರೆಷ್ಟು, ಮಂಕರಿ ಹೊತ್ತ ಹೆಂಗಸರಿಗೆ ದಿನಕ್ಕೆ ಎಷ್ಟು ಕಾಸು? ಕೇಳಿದರೆ ‘ನಿಮಗೆ ಸೌಂದರ್ಯಪ್ರಜ್ಞೆ ಇಲ್ಲ’ ಅನ್ನುತ್ತಾರೆ. ಇರಲಿ.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಈ ಮನೆಯ ಯಜಮಾನರಾಗಿದ್ದ ಎಂ. ಕಾಂತರಾಜ ಅರಸರು 1919ರಿಂದ 1922ರವರೆಗೆ ಮೈಸೂರಿನ ದಿವಾನರು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂದ ವರದಿ, ಆಜ್ಞೆಯಾದದ್ದು ಅವರ ಕಾಲದಲ್ಲಿ. ಅದನ್ನು ಮರೆತು ಬರಿಯ ಬೈಗುಳಕ್ಕೆ ಇಳಿದರೆ ನಮ್ಮ ವಿಮರ್ಶೆ ಸೋಮಾರಿಯಾಗುತ್ತದೆ. ಎಲ್ಲರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಆ ಪಾಲಿನಲ್ಲಿ ನಮ್ಮ ಕೇರಿಗೆ ಬಂದದ್ದೆಷ್ಟು ಎಂಬ ಪ್ರಶ್ನೆಯೇನೂ ಇದರಿಂದ ಸಾಯುವುದಿಲ್ಲ.

ಈ ಮಹಲಿನ ನಿಜವಾದ ತಮಾಷೆ ಇರುವುದು ಬೇರೆ ಕಡೆ. ಕುವೆಂಪು ಉಪಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿ ರೂಪುಗೊಂಡು, ಮಹಲು ವಿಶ್ವವಿದ್ಯಾನಿಲಯದ ಪಾಲಾಯಿತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಅಂದರೆ ರಾಜಕುಮಾರಿಯ ಕೋಣೆಗಳಿಗೆ ನಮ್ಮ ನೇಗಿಲು, ನಮ್ಮ ಒನಕೆ, ಸೋಮನ ಮುಖ, ತೊಗಲುಗೊಂಬೆ ಎಲ್ಲಾ ಹೋಗಿ ಕೂತವು. ಮುಂಬಾಗಿಲಿಂದ ಎಂದೂ ಒಳಕ್ಕೆ ಹೋಗದ ಸಾಮಾನುಗಳು ಮೆರವಣಿಗೆಯಲ್ಲಿ ಹೋದವು. ಸಾಮಾನು ಹೋಯಿತು, ಸಾಮಾನಿನವರು?

ನಾವು ಹೋದಾಗ ನಮ್ಮವ್ವನೂ ಜೊತೆಗಿದ್ದಳು. ಚಾವಣಿ ಕಡೆ ಅವಳು ಕತ್ತೆತ್ತಲಿಲ್ಲ. ಮೊರದ ಮುಂದೆ ನಿಂತಳು. ‘ಯಾಕ್ಲಾ ಮಗ, ಇದನ್ನ ಇಲ್ಲಿ ತಂದು ಇಟ್ಟವ್ರೆ? ಸಗಣಿ ಸಾರ್ಸಿಲ್ಲ, ಏನಿಲ್ಲ. ಹಿಂಗಿಟ್ರೆ ಎಷ್ಟು ದಿನ ಬಾಳ್ತದೆ?’ ಆಮೇಲೆ ಅಂಚಿನ ಕಟ್ಟು ನೋಡಿ, ‘ಒಳ್ಳೆ ಕೈ ಕಣ್ಲಾ, ಮೇದರವ್ನು ಮನಸಿಟ್ಟು ಮಾಡವ್ನೆ’ ಅಂದಳು. ಎಂ.ಎ. ತರಗತಿಯಲ್ಲಿ ಕೇಳಿದ ಜಾನಪದ ಉಪನ್ಯಾಸಗಳಲ್ಲಿ ‘ಒಳ್ಳೆ ಕೈ’ ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದಿಲ್ಲ. ಅಲ್ಲಿ ಕೈಯೇ ಇಲ್ಲ. ‘ಜನಪದ’ ಮಾಡಿತು, ‘ಜನಪದ’ ಹಾಡಿತು. ಯಾರದೂ ಅಲ್ಲದ್ದು ಎಲ್ಲರದೂ ಆಗುತ್ತದಂತೆ. ಅವ್ವನಿಗೆ ಮೊರ ಒಬ್ಬ ಮನುಷ್ಯ ಮಾಡಿದ್ದು, ರಾಗಿ ಕೇರಿದರೆ ಕಲ್ಲು ಬೇರೆಯಾಗಬೇಕು, ಆಗದಿದ್ದರೆ ಅವನ ಹತ್ತಿರವೇ ಜಗಳಕ್ಕೆ ಹೋಗಬೇಕು.

ತೊಗಲುಗೊಂಬೆಯ ಕತೆಯೂ ಅಷ್ಟೇ. ತೂತು ಕೊರೆದ ಸೂಕ್ಷ್ಮ, ಬಣ್ಣದ ಹೊಳಪು ಅಂತ ಪುಟಗಟ್ಟಲೆ ಬರೆಯುತ್ತಾರೆ. ಆ ರಾಮ ಸೀತೆಯರನ್ನು ಪೆಟ್ಟಿಗೆಯಲ್ಲಿ ಹೊತ್ತು ಅಲೆದ ಕಿಳ್ಳೇಕ್ಯಾತರು ಬಿಡಾರ ಹೂಡುತ್ತಿದ್ದದ್ದು ಊರಾಚೆ. ಯಾವುದೇ ಸಂಗ್ರಹಾಲಯದಲ್ಲಾಗಲಿ ತಮಟೆಯನ್ನು ಗೋಡೆಗೆ ತೂಗುಹಾಕಿದರೆ ಅದು ವಾದ್ಯ. ಊರಲ್ಲಿ ಅದು ಬಿಟ್ಟಿ ಚಾಕರಿ, ಸಾವಿನ ಮನೆ ಮುಂದೆ ಬಡಿಯಲೇಬೇಕಾದ ಕರ್ಮ. ಬಡಿಯಲ್ಲ ಅಂದವರ ಬೆನ್ನ ಮೇಲಿನ ಬಾಸುಂಡೆಯನ್ನು ತೂಗುಹಾಕಲು ಮೊಳೆ ಎಲ್ಲಿದೆ?

ಹಾಗಂತ, ‘ಎಲ್ಲಾ ವಾಪಸು ತಂದುಬಿಡೋಣ’ ಅನ್ನುವ ಗೆಳೆಯರ ಮಾತನ್ನು ನಾವು ಒಪ್ಪುವುದಿಲ್ಲ. ತಂದು ಎಲ್ಲಿಡುತ್ತೀರಿ? ಸೋರುವ ಗುಡಿಸಲಲ್ಲಿ ಗೆದ್ದಲು ಕಾಯುತ್ತಿದೆ. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಊರೂರು ತಿರುಗಿ ಕೂಡಿಹಾಕದಿದ್ದರೆ ಎಷ್ಟೋ ಗೊಂಬೆ ಒಲೆಗೆ ಹೋಗುತ್ತಿದ್ದವು. ಆ ದುಡಿಮೆಗೆ ನಮ್ಮ ಗೌರವವಿದೆ. ನಮ್ಮ ತಕರಾರು ಮೊರ ಮಹಲಿಗೆ ಹೋದದ್ದಕ್ಕಲ್ಲ. ಮಹಲಿನ ಬಾಗಿಲಿಗೆ ಸಿಕ್ಕ ಎಣಿಕೆಯೂ ಮೊರ ಹೆಣೆದವನಿಗೆ ಸಿಗದೆ ಹೋದದ್ದಕ್ಕೆ. ಹಟ್ಟಿಯಲ್ಲಿ ಇವತ್ತಿಗೂ ಕೇರುತ್ತಿರುವ ಮೊರವನ್ನು ‘ಹಿಂದಿನ ಕಾಲದ ವಸ್ತು’ ಎಂದು ನಮ್ಮ ಮಕ್ಕಳಿಗೇ ಪಾಠ ಹೇಳುವುದಕ್ಕೆ.

ಹಳ್ಳಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಈ ಸಲ ಮಕ್ಕಳನ್ನು ಪ್ರವಾಸ ಕರೆದೊಯ್ಯುವಾಗ ಬಸ್ಸಿನಲ್ಲಿ ಒಂದು ಸೀಟು ಊರಿನ ಅಜ್ಜಿಯೊಬ್ಬಳಿಗೆ ಇಡಿ. ಮಹಲಿನ ಬಾಗಿಲು ಎಣಿಸಿದವರು ಆಗಲೇ ಇದ್ದಾರೆ, ಮಕ್ಕಳು ಎಣಿಸುವುದು ಬೇಡ. ಊರಿಗೆ ಬಂದ ಮೇಲೆ ಮನೆಯ ಒಂದು ಸಾಮಾನು ಹಿಡಿದು ಅವು ಬರೆಯಲಿ: ಇದನ್ನು ಮಾಡಿದವರ ಹೆಸರೇನು, ಕಾಳು ಕೊಟ್ಟು ತಂದಿರೋ ಕಾಸು ಕೊಟ್ಟೋ, ಕೊಡುವಾಗ ಅವರನ್ನು ಜಗಲಿಯ ಮೇಲೆ ಕೂರಿಸಿದಿರೋ ಅಂಗಳದಲ್ಲಿ ನಿಲ್ಲಿಸಿದಿರೋ. ಅಂಥ ನಾಲ್ಕು ಬರಹ ಬಂದರೆ ಮುಂದಿನ ಸಂಚಿಕೆಯಲ್ಲಿ ನಮ್ಮ ಪದ್ಯ ತೆಗೆದು ಅವನ್ನು ಹಾಕಿ ಎಂದು ಸಂಪಾದಕ ಗೆಳೆಯರಿಗೆ ಆಗಲೇ ಹೇಳಿದ್ದೇವೆ.