ಗಾಳಿಯ ಹಟ, ತಂತಿಯ ಹೊಣೆ

ಕುರ್ತಕೋಟಿಯ ಕಡೆ ಲಗ್ನದ ಮೆರವಣಿಗೆಗೆ ಕರಡಿ ಮಜಲಿನ ವಾದ್ಯಮೇಳ ಬಂದರೆ ಊರ ಅಗಸಿಯಾಚೆಗೂ ಕೇಳುವುದು ಸನಾದಿಯ ದನಿ. ಒಬ್ಬ ರಾಗ ನುಡಿಸುತ್ತಾನೆ. ಮಗ್ಗುಲಲ್ಲಿ ಇನ್ನೊಬ್ಬ ಉಸಿರು ಕಡಿಯದೆ ಷಡ್ಜ ಹಿಡಿದು ನಿಂತಿರುತ್ತಾನೆ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಈ ಇಬ್ಬರ ಕೆಲಸವನ್ನೂ ಒಬ್ಬನಿಗೇ ಒಪ್ಪಿಸಿದ ವಾದ್ಯ. ಗಲ್ಲದಲ್ಲಿ ಗಾಳಿ ಹಿಡಿಯುವ ಬದಲು ಕಂಕುಳಲ್ಲಿ ಚೀಲ. ಶ್ರುತಿಯವನ ಬದಲು ಹೆಗಲ ಮೇಲೆ ಮೂರು ಕೊಳವೆ. ಅದನ್ನು ಪಿಟೀಲು, ಚೆಲ್ಲೊಗಳ ಪಾಶ್ಚಾತ್ಯ ಮೇಳದ ಜೊತೆ ಕೂಡಿಸುವ ಪ್ರಯೋಗಗಳನ್ನು ಸನಾದಿ ಕೇಳಿ ಬೆಳೆದ ಕಿವಿಯೂ ತೂಗಿ ನೋಡಬಹುದು.

ಸನಾದಿಯಲ್ಲಿ ದನಿ ಹುಟ್ಟಿಸುವ ಗರಿ ವಾದಕನ ತುಟಿಗಳ ನಡುವೆಯೇ ಇರುತ್ತದೆ. ಒತ್ತಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬ್ಯಾಗ್‌ಪೈಪಿನಲ್ಲಿ ಅದು ಕೊಳವೆಯೊಳಗೆ ಅಡಗಿದೆ, ತುಟಿಗೆ ಸಿಗದು. ಇರುವುದು ಒಂಬತ್ತೇ ಸ್ವರ. ದನಿ ತಗ್ಗಿಸುವಂತಿಲ್ಲ, ನಡುವೆ ಮೌನಕ್ಕೆ ಎಡೆಯಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಲು ನಡುವೆ ಇನ್ನೊಂದನ್ನು ಚಣಮಾತ್ರ ತಾಕಿಸಬೇಕು. ಹೀಗಾಗಿ ಜೊತೆಗೂಡುವಾಗ ಬಾಗುವ ಹೊಣೆಯೆಲ್ಲ ತಂತಿಯದೇ. ಮೆಟ್ಟಿಲ್ಲದ ಪಿಟೀಲಿಗೆ ಅದು ಕಷ್ಟವೂ ಅಲ್ಲ. ಬ್ಯಾಗ್‌ಪೈಪಿನ ಗಾಂಧಾರ ಪಿಯಾನೊದ ಗಾಂಧಾರಕ್ಕಿಂತ ತುಸು ತಗ್ಗು, ತಂಬೂರಿಯೊಳಗಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕೆ ಹತ್ತಿರ. ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರ ಹಿಂದೆ ಮಿಡಿಯುತ್ತಿದ್ದ ಜೋಡಿ ತಂಬೂರಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಹಳಷ್ಟು ಸಂಯೋಜನೆಗಳು ಈ ಅವಕಾಶವನ್ನು ಕೈಚೆಲ್ಲುತ್ತವೆ. ಉಲ್ರಿಚ್ ರೋವರ್, ಮೈಕೆಲ್ ಕೋರ್ಬ್ ಎಂಬ ಇಬ್ಬರು ಜರ್ಮನರು 1982ರಲ್ಲಿ ಕಟ್ಟಿದ ‘ಹೈಲ್ಯಾಂಡ್ ಕೆಥೆಡ್ರಲ್’ ಈಗ ಸ್ಕಾಟ್ಲೆಂಡಿನದೇ ಎನ್ನುವಷ್ಟು ಪ್ರಸಿದ್ಧ. ಮಟ್ಟು ಚೆಂದ. ಆದರೆ ಮೇಳಕ್ಕೆ ಅಳವಡಿಸುವಾಗ ಕೆಳಗಿನ ಸ್ವರಮೇಳನ (ಹಾರ್ಮನಿ) ನೆಲೆಯಿಂದ ನೆಲೆಗೆ ಸರಿಯುತ್ತಿರುತ್ತದೆ, ಮೇಲೆ ಮೂರು ಕೊಳವೆಗಳು ಷಡ್ಜವನ್ನು ಬಿಡದೆ ಹಿಡಿದಿರುತ್ತವೆ. ಆ ತಿಕ್ಕಾಟಕ್ಕೆ ಅರ್ಥ ಕೊಡುವ ಬದಲು ಪಿಟೀಲುಗಳನ್ನು ಜೋರಾಗಿ ಉಜ್ಜಿ ಮುಚ್ಚುವುದು ನನಗೆ ಒಗ್ಗದು.

ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ 1985ರಲ್ಲಿ ಬಾಸ್ಟನ್ ಪಾಪ್ಸ್ ಮೇಳಕ್ಕಾಗಿ ಬರೆದ ‘ಆ್ಯನ್ ಆರ್ಕ್ನಿ ವೆಡಿಂಗ್, ವಿತ್ ಸನ್‌ರೈಸ್’ ಬೇರೆಯೇ ತೂಕದ ಕೃತಿ. ಅದು ಬರೀ ತಂತಿಗಳಿಗಲ್ಲ, ಇಡೀ ಮೇಳಕ್ಕೆ ಬರೆದದ್ದು. ಸ್ಕಾಟ್ಲೆಂಡಿನ ಉತ್ತರದ ದ್ವೀಪದಲ್ಲೊಂದು ಮದುವೆ. ಗಾಳಿಮಳೆಯಲ್ಲಿ ಬೀಗರು ಬರುತ್ತಾರೆ, ಪಿಟೀಲು ಕುಣಿತದ ಮಟ್ಟು ಹಿಡಿಯುತ್ತದೆ, ಕುಡಿತ ಏರಿದಂತೆ ಶ್ರುತಿ ತಾಳಗಳು ಹಾದಿ ತಪ್ಪುತ್ತವೆ. ಅಷ್ಟು ಹೊತ್ತೂ ಬ್ಯಾಗ್‌ಪೈಪ್ ಇಲ್ಲ. ಬೆಳಗಾಗುವ ಹೊತ್ತಿಗೆ ವಾದಕ ಸಭಾಂಗಣದ ಹಿಂದಿನಿಂದ ನುಡಿಸುತ್ತಾ ನಡೆದು ಬರುತ್ತಾನೆ. ತಗ್ಗಿಸಲಾಗದ ದನಿಯನ್ನು ದೂರದಿಂದ ತಗ್ಗಿಸಿದ ಜಾಣ್ಮೆ ಇದು. ಮನೆಯೊಳಗೆ ಕೂಡಿಹಾಕಬಾರದ ವಾದ್ಯಕ್ಕೆ ಹಾದಿಯನ್ನೇ ಒದಗಿಸಿಕೊಟ್ಟಿದ್ದಾರೆ. ಆದರೂ ನನ್ನದೊಂದು ತಕರಾರಿದೆ. ಎರಡು ಲೋಕಗಳು ಮುಖಾಮುಖಿಯಾಗುವ ಹೊತ್ತಿಗೆ ಕೃತಿ ಮುಗಿಯುತ್ತ ಬಂದಿರುತ್ತದೆ. ಬಾಗದ ಗಾಳಿವಾದ್ಯವೂ ತಂತಿಯೂ ಸರಿಸಮನಾಗಿ ಮಾತಾಡುವುದು ಹೇಗೆ ಎಂಬ ಕಠಿಣ ಪ್ರಶ್ನೆ ಸೂರ್ಯೋದಯದ ವೈಭವದಲ್ಲಿ ಹಾಗೇ ಉಳಿದುಬಿಡುತ್ತದೆ.

ಆ ಪ್ರಶ್ನೆಗೆ ಒಳ್ಳೆಯ ಉತ್ತರ ನನಗೆ ಸಿಕ್ಕಿದ್ದು ನಮ್ಮ ಸಂಗೀತದಲ್ಲೇ. ‘ಸನಾದಿ ಅಪ್ಪಣ್ಣ’ (1977) ಚಿತ್ರಕ್ಕೆ ನುಡಿಸಿದ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಕನ್ನಡಿಗರು ಮರೆತಿಲ್ಲ. ಅದೇ ಖಾನ್ ಸಾಹೇಬರು ವಿ. ಜಿ. ಜೋಗರ ಪಿಟೀಲಿನೊಂದಿಗೆ ನುಡಿಸಿದ ಜುಗಲಬಂದಿಗಳಲ್ಲಿ ಪಿಟೀಲು ಎಲ್ಲಿಯೂ ಗಾಳಿವಾದ್ಯದ ಕೆಳಗೆ ಹಾಸಿದ ಗಾದಿಯಾಗುವುದಿಲ್ಲ. ಒಂದೇ ಷಡ್ಜದ ಮೇಲೆ ನಿಂತು, ಕೇಳಿ, ಮರುನುಡಿಯುತ್ತದೆ. ಅಲ್ಲಿ ಇಬ್ಬರೂ ಬಾಗಬಲ್ಲರು ನಿಜ. ಬ್ಯಾಗ್‌ಪೈಪಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಆದ್ದರಿಂದಲೇ ಪಾಶ್ಚಾತ್ಯ ಮೇಳ ಇನ್ನಷ್ಟು ಬಿಟ್ಟುಕೊಡಬೇಕಾಗುತ್ತದೆ: ಚೆಲ್ಲೊ, ಡಬಲ್ ಬಾಸ್‌ಗಳು ಷಡ್ಜ ಪಂಚಮ ಹಿಡಿದು ಕೂರಲಿ, ಪಿಟೀಲುಗಳು ಪಿಯಾನೊದ ಶ್ರುತಿ ಮರೆತು ಆ ಕೊಳವೆಯ ಗಾಂಧಾರಕ್ಕೆ ಬೆರಳು ಸರಿಸಲಿ, ಸ್ವರಮೇಳನ ಸರಿದಾಡುವ ಆಸೆಯನ್ನು ಹತ್ತು ನಿಮಿಷವಾದರೂ ತಡೆದುಕೊಳ್ಳಲಿ. ಅಂಥ ಕೃತಿ ಬಂದರೆ ಕರಡಿ ಮಜಲಿನ ಸನಾದಿಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೇಳಿಸಬೇಕು, ಅವರ ಅಭಿಪ್ರಾಯವನ್ನೇ ಮೊದಲು ಪಡೆಯಬೇಕು.